ರುಬ್ಬೋರು ನೀವು, ಆರಿಸೋರೂ ನೀವೇ ಆಗಿ

ಹಬ್ಬದ ಎಕ್ಸ್‌ಚೇಂಜ್ ಆಫರ್ ನೋಡಿ ಯಜಮಾನರು ಮಿಕ್ಸಿ ತಂದುಬಿಡುವ ಮುಂಚೆ, ನಿಮ್ಮ ಮನೆಯಲ್ಲಿ ದಿನಾ ಏನೇನು ರುಬ್ತೀರಿ ಅಂತ ಸ್ವಲ್ಪ ಯೋಚಿಸಿ. ಚಟ್ನಿ, ಹುಳಿಗೆ ಮಸಾಲೆ, ಆಗೊಮ್ಮೆ ಈಗೊಮ್ಮೆ ಸಾರಿನ ಪುಡಿ ಇಷ್ಟೇ ಆದರೆ 500 ವ್ಯಾಟ್‌ನದು ಧಾರಾಳವಾಯ್ತು. 750 ವ್ಯಾಟೇ ಬೇಕು ಅಂತ ಅಂಗಡಿಯವರು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕಿಲ್ಲ.

ವಾರಕ್ಕೆರಡು ಸಲ ಇಡ್ಲಿ, ದೋಸೆ ಮಾಡುವ ಮನೆಯ ಮಾತೇ ಬೇರೆ. ಎಷ್ಟು ವ್ಯಾಟ್ ಇದ್ದರೂ ಬ್ಲೇಡಿನ ರಭಸಕ್ಕೆ ಹಿಟ್ಟು ಬಿಸಿಯಾಗುತ್ತದೆ, ಉದ್ದು ಸರಿಯಾಗಿ ಉಬ್ಬುವುದಿಲ್ಲ. ಗ್ರೈಂಡರಿನ ಕಲ್ಲು ನಿಧಾನವಾಗಿ ತಿರುಗುವುದರಿಂದ ಹಿಟ್ಟಿಗೆ ಗಾಳಿ ಸೇರಿ ಹಗುರವಾಗುತ್ತದೆ. ನಾಲ್ಕು ಜನರಿಗೆ 2 ಲೀಟರಿನ ಟೇಬಲ್ ಟಾಪ್ ಗ್ರೈಂಡರ್ ಸಾಕು. ಅದಿದ್ದರೆ ದೊಡ್ಡ ಮಿಕ್ಸಿಗೆ ದುಡ್ಡು ಸುರಿಯೋದು ಯಾಕೆ?

ಮಿಕ್ಸಿಯ ತಳದಲ್ಲಿ ಓವರ್‌ಲೋಡ್ ಬಟನ್ ಇದೆಯೇ ನೋಡಿ. ಭಾರ ಹೆಚ್ಚಾದಾಗ ಮೋಟಾರ್ ಸುಡದಂತೆ ಕರೆಂಟ್ ತಪ್ಪಿಸುವುದು ಇದೇ. ಮಿಕ್ಸಿ ದಿಢೀರನೆ ನಿಂತರೆ ರಿಪೇರಿಗೆ ಓಡಬೇಡಿ. ಪ್ಲಗ್ ತೆಗೆದು, ತಣ್ಣಗಾದ ಮೇಲೆ ಆ ಬಟನ್ ಒತ್ತಿ ನೋಡಿ.

ಜಾರ್ ನೀವೇ ಕೈಯಲ್ಲಿ ಎತ್ತಿ, ಮುಚ್ಚಳ ಹಾಕಿ ತೆಗೆದು ನೋಡಬೇಕು. ದಿನಾ ತೊಳೆಯೋರೂ ನೀವೇ ತಾನೆ! ಸರ್ವಿಸ್ ಸೆಂಟರ್ ಎಲ್ಲಿದೆ ಅಂತ ಕೇಳಿಕೊಂಡೇ ಬಿಲ್ ಮಾಡಿಸಿ.