ಅಂತರಜಾಲವೂ ಗುಪ್ತಾಜ್ಞೆಯೂ

ಅಂತರಜಾಲಕ್ಕೆ ಯಾವ ಕಟ್ಟಳೆಯೂ ಬೇಡವೆನ್ನುವವರ ಪಕ್ಷ ನಮ್ಮದಲ್ಲ. ಸ್ತ್ರೀಯರ ಮಾನಕ್ಕೆ ಕುಂದು ತರುವ ಚಿತ್ರಗಳನ್ನೂ, ಮತಮತಗಳ ನಡುವೆ ಕಿಚ್ಚು ಹಚ್ಚುವ ಸುಳ್ಳುಸುದ್ದಿಗಳನ್ನೂ ಹರಡುವವರನ್ನು ದಂಡಿಸುವುದು ರಾಜಧರ್ಮವೇ ಸರಿ. ಆದರೆ ದಂಡವನ್ನು ಹಿಡಿದ ಕೈ ಪ್ರಜೆಗಳ ಕಣ್ಣಿಗೆ ಕಾಣುತ್ತಿರಬೇಕು. ಇಷ್ಟೇ ನಮ್ಮ ವಾದ.

ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ನೆಯ ಇಸವಿ ಮಾರ್ಚಿ 24ರಂದು ರದ್ದುಪಡಿಸಿತು. ಅದೇ ತೀರ್ಪಿನಲ್ಲಿ, ಜಾಲದ ಬರಹಗಳನ್ನು ತಡೆಯಲು ಸರಕಾರಕ್ಕೆ ಅಧಿಕಾರವೀಯುವ 69ಎ ಕಲಮನ್ನು ಎತ್ತಿಹಿಡಿಯಿತು. ತಡೆಯ ಕಾರಣಗಳನ್ನು ಲಿಖಿತವಾಗಿ ದಾಖಲಿಸತಕ್ಕದ್ದಾದುದರಿಂದ ನೊಂದವನು ಅವನ್ನು ರಿಟ್ ಅರ್ಜಿಯಿಂದ ಪ್ರಶ್ನಿಸಬಹುದೆಂಬುದು ಇದಕ್ಕೆ ಹೇಳಿದ ಸಮಾಧಾನಗಳಲ್ಲಿ ಒಂದು. ಆದರೆ 2009ರ ನಿಯಮಾವಳಿಯ 16ನೆಯ ನಿಯಮವು, ದೂರನ್ನೂ ಅದರ ಮೇಲೆ ಕೈಕೊಂಡ ಕ್ರಮವನ್ನೂ ಗುಟ್ಟಾಗಿಡಬೇಕೆಂದು ವಿಧಿಸುತ್ತದೆ. ಕಾರಣವನ್ನು ಬರೆದು, ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿದರೆ, ನೊಂದವನು ನ್ಯಾಯಾಧೀಶರ ಮುಂದೆ ಏನನ್ನು ಹಿಡಿದು ನಿಲ್ಲಬೇಕು? ಆ ಆಜ್ಞೆಗಳನ್ನು ಪುನಃ ಪರಿಶೀಲಿಸುವ ಸಮಿತಿಯಲ್ಲಿ ಕೂಡುವವರಾದರೂ ಸರಕಾರದ ಅಧಿಕಾರಿಗಳೇ.

ದೇಶಭಾಷೆಯ ಪತ್ರಿಕೆಗಳಿಗೆ ಈ ರೀತಿ ಹೊಸತಲ್ಲ. 1878ರಲ್ಲಿ ಲಾರ್ಡ್ ಲಿಟ್ಟನ್ನನು ಅವುಗಳಿಗೆಂದೇ ತಂದ ಕಾಯಿದೆಯಲ್ಲಿ ಮ್ಯಾಜಿಸ್ಟ್ರೇಟನ ಮಾತೇ ಕಡೆಯ ಮಾತು, ನ್ಯಾಯಾಲಯಕ್ಕೆ ಅಪೀಲಿರಲಿಲ್ಲ. ಲಾರ್ಡ್ ರಿಪನ್ನನ ಕಾಲದಲ್ಲಿ ಅದು ರದ್ದಾಯಿತು. ಪರಕೀಯರ ಆಳಿಕೆಯಲ್ಲಿ ಅನ್ಯಾಯವೆನಿಸಿದುದು ಸ್ವರಾಜ್ಯದಲ್ಲಿ ನ್ಯಾಯವಾಗಲಾರದು.

ಬರಹಗಳನ್ನು ತಡೆಯುವುದು ಒಂದು ಬಗೆ. ಸಂಪರ್ಕವನ್ನೇ ಕಡಿಯುವುದು ಇನ್ನೊಂದು. 2019ರ ಆಗಸ್ಟಿನಲ್ಲಿ ಕಾಶ್ಮೀರದ ಅಂತರಜಾಲವನ್ನು ನಿಲ್ಲಿಸಲಾಯಿತು; ವೇಗದ ಸಂಪರ್ಕವು ಎಲ್ಲೆಡೆಗೆ ಮರಳಿದುದು 2021ರ ಫೆಬ್ರುವರಿಯಲ್ಲಿ. ಇಲಿಯ ಕಾಟಕ್ಕೆ ಮನೆಯನ್ನೇ ಸುಟ್ಟಂತೆ, ಕಿಡಿಗೇಡಿಗಳೊಡನೆ ವರ್ತಕನೂ ವಿದ್ಯಾರ್ಥಿಯೂ ರೋಗಿಯೂ ದಂಡ ತೆತ್ತರು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರ ಜನವರಿ 10ರಂದು, ಇಂತಹ ಆಜ್ಞೆಗಳನ್ನು ಪ್ರಕಟಿಸತಕ್ಕದ್ದೆಂದೂ, ಅವಧಿಯಿಲ್ಲದ ನಿಲುಗಡೆ ಸಲ್ಲದೆಂದೂ ವಿಧಿಸಿತು.

ಒಂದು ಸೀಮೆಯ ಸಂಪರ್ಕವನ್ನೇ ಕಡಿಯುವ ಆಜ್ಞೆ ಪ್ರಕಟವಾಗಬೇಕಾದರೆ, ಒಂದು ಬರಹವನ್ನು ತಡೆಯುವ ಆಜ್ಞೆಗೆ ಮುಸುಕೇಕೆ? ಪ್ರಕಟಿಸಿದರೆ ಕೆಟ್ಟ ಮಾತಿಗೇ ಪ್ರಚಾರ ದೊರೆಯುವುದೆಂದು ಅಧಿಕಾರಿಗಳು ಹೇಳಬಹುದು. ಆ ಮಾತನ್ನು ಮತ್ತೆ ಅಚ್ಚುಹಾಕಿರೆಂದು ನಾವು ಕೇಳುತ್ತಿಲ್ಲ. ಯಾವ ಕಲಮಿನ ಮೇರೆಗೆ, ಯಾವ ಕಾರಣದಿಂದ, ಎಷ್ಟು ಕಾಲ ತಡೆದಿರೆಂಬುದನ್ನು ಸಾರ್ವಜನಿಕರಿಗೂ, ಪೂರ್ಣ ಆಜ್ಞೆಯನ್ನು ಬರೆದವನಿಗೂ ತಿಳಿಸಿರಿ. ದೇಶರಕ್ಷಣೆಯ ಗುಟ್ಟಿದ್ದರೆ ಆ ಸಾಲನ್ನಷ್ಟೇ ಮರೆಮಾಡಿರಿ. ನ್ಯಾಯವಾದ ಆಜ್ಞೆಗೆ ಬೆಳಕಿನ ಭಯವಿರಬಾರದು. 16ನೆಯ ನಿಯಮವನ್ನು ತಿದ್ದಿ ಸರಕಾರವು ಅದನ್ನು ತೋರಿಸಿಕೊಡಲಿ.