ಡಿಸ್ಕಿನ ಅಕ್ಷರವೂ ಡಿಸ್ಕಿನ ಗುರುತೂ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ನೆರೆಮನೆಯ ಹುಡುಗನೊಬ್ಬನು ಬಾಡಿದ ಮುಖ ಹೊತ್ತು ನನ್ನಲ್ಲಿಗೆ ಬಂದನು. ಕಾಲೇಜಿನ ಎರಡನೆಯ ವರ್ಷದಲ್ಲಿ ಓದುತ್ತಿರುವ ಚುರುಕಾದ ಹುಡುಗ. ತನ್ನ ಕಂಪ್ಯೂಟರಿನ ‘ಡಿ’ ಡ್ರೈವ್ ಇದ್ದಕ್ಕಿದ್ದಂತೆ ಬರಿದಾಗಿದೆಯೆಂದೂ, ಅದರಲ್ಲಿದ್ದ ಪ್ರೋಗ್ರಾಮುಗಳಲ್ಲಿ ಒಂದೂ ತೆರೆಯುತ್ತಿಲ್ಲವೆಂದೂ, ಡಿಸ್ಕುಗಳನ್ನೆಲ್ಲ ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಹೊಸದಾಗಿ ಹಾಕುವುದೊಂದೇ ದಾರಿಯೆಂದು ರಿಪೇರಿ ಅಂಗಡಿಯವರು ಫೋನಿನಲ್ಲಿಯೇ ತೀರ್ಪು ಕೊಟ್ಟರೆಂದೂ ಹೇಳಿದನು. ಆ ಡ್ರೈವಿನಲ್ಲಿ ಅವನ ಒಂದು ವರ್ಷದ ಟಿಪ್ಪಣಿಗಳಿದ್ದುವು; ತೀರಿಕೊಂಡ ಅಜ್ಜಿಯ ಚಿತ್ರಗಳೂ ಅವರು ಹಾಡಿದ್ದ ನಾಲ್ಕಾರು ಹಾಡುಗಳೂ ಇದ್ದುವು. ಇವುಗಳಿಗೆ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

ವಿಚಾರಿಸಿ ನೋಡಲಾಗಿ ಸಂಗತಿ ತಿಳಿಯಿತು. ಊರಿಗೆ ಬಂದಿದ್ದ ಅವನ ಅಣ್ಣನು ಕಂಪ್ಯೂಟರಿಗೆ ದೊಡ್ಡದೊಂದು ಹೊಸ ಡಿಸ್ಕನ್ನು ಜೋಡಿಸಿ, ಅದಕ್ಕೆ ‘ಡಿ’ ಎಂಬ ಅಕ್ಷರ ಕೊಟ್ಟು, ಹಳೆಯ ‘ಡಿ’ಯನ್ನು ‘ಎಫ್’ ಎಂದು ಬದಲಾಯಿಸಿ, ಹೇಳಲು ಮರೆತು ಬೆಳಗಿನ ಬಸ್ಸು ಹತ್ತಿದ್ದನು. ಡಿಸ್ಕು ಕೆಟ್ಟಿರಲಿಲ್ಲ, ಒಂದು ಕಡತವೂ ಅಳಿದಿರಲಿಲ್ಲ. ಬದಲಾದದ್ದು ಎರಡು ಅಕ್ಷರಗಳು ಮಾತ್ರ. ಅಕ್ಷರಗಳನ್ನು ಮೊದಲಿನಂತೆ ಮಾಡಿದೊಡನೆ ಪ್ರೋಗ್ರಾಮುಗಳೆಲ್ಲವೂ ತೆರೆದುವು. ಅಜ್ಜಿಯ ಹಾಡು ಕೇಳಿಸಿತು.

ಕೆಲಸವೇನೋ ಐದು ನಿಮಿಷದ್ದು. ಆದರೆ ಆ ಹುಡುಗನು ಅಂಗಡಿಯವರ ಮಾತಿನಂತೆ ನಡೆದಿದ್ದರೆ ಆಗುತ್ತಿದ್ದ ನಷ್ಟವನ್ನು ಯಾರೂ ತುಂಬಿಕೊಡಲಾರರು. ಹತ್ತು ವರ್ಷ ಕಂಪ್ಯೂಟರ್ ಬಳಸಿದವನಿಗೂ ಡ್ರೈವಿನ ಅಕ್ಷರವೆಂದರೆ ಏನು, ಡ್ರೈವ್ ಎಂದರೆ ಏನು ಎಂಬ ಭೇದ ತಿಳಿಯದೆ ಇರುವುದು ನಮ್ಮ ಶಿಕ್ಷಣದ ಒಂದು ಕೊರತೆಯೆಂದೇ ನನ್ನ ಅಭಿಪ್ರಾಯ. ಆ ಅಭಿಪ್ರಾಯಕ್ಕೆ ಕಾರಣವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಈ ಅಕ್ಷರಗಳು ಎಲ್ಲಿಂದ ಬಂದುವೆಂಬುದನ್ನು ನೋಡೋಣ. ೧೯೭೪ರಲ್ಲಿ ಅಮೆರಿಕದ ಗ್ಯಾರಿ ಕಿಲ್ಡಾಲ್ ಎಂಬವರು ಪುಟ್ಟ ಕಂಪ್ಯೂಟರುಗಳಿಗಾಗಿ ‘ಸಿಪಿ/ಎಂ’ ಎಂಬ ಆಪರೇಟಿಂಗ್ ಸಿಸ್ಟಮನ್ನು ರಚಿಸಿದರು. ಅದರಲ್ಲಿ ಫ್ಲಾಪಿ ಡ್ರೈವುಗಳಿಗೆ ‘ಎ’, ‘ಬಿ’ ಎಂಬ ಒಂದೊಂದು ರೋಮನ್ ಅಕ್ಷರದ ಹೆಸರು. ೧೯೮೧ರ ಆಗಸ್ಟಿನಲ್ಲಿ ಐಬಿಎಂ ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಅದರ ಡಾಸ್ ವ್ಯವಸ್ಥೆಯೂ ಇದೇ ಪದ್ಧತಿಯನ್ನು ಅನುಸರಿಸಿತು. ಆ ಯಂತ್ರದಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಇದ್ದದ್ದು ಒಂದು ಅಥವಾ ಎರಡು ಫ್ಲಾಪಿ ಡ್ರೈವುಗಳು. ೧೯೮೩ರ ಮಾರ್ಚಿನಲ್ಲಿ ಬಂದ ‘ಎಕ್ಸ್‌ಟಿ’ ಎಂಬ ಮಾದರಿಯಲ್ಲಿ ಹತ್ತು ಮೆಗಾಬೈಟಿನ ಹಾರ್ಡ್ ಡಿಸ್ಕ್ ಸೇರಿತು. ಮೊದಲೆರಡು ಅಕ್ಷರಗಳು ಫ್ಲಾಪಿಗಳ ಪಾಲಾಗಿದ್ದುದರಿಂದ ಅದಕ್ಕೆ ‘ಸಿ’ ದಕ್ಕಿತು. ಇಂದು ಫ್ಲಾಪಿಗಳು ಮನೆಗಳಿಂದ ಮಾಯವಾಗಿವೆ. ಒಂದು ಟೆರಾಬೈಟಿನ ಡಿಸ್ಕು ಆ ಹಳೆಯ ಡಿಸ್ಕಿನ ಒಂದು ಲಕ್ಷ ಪಟ್ಟು ಹಿಡಿಯುತ್ತದೆ. ಆದರೂ ನಮ್ಮ ಮುಖ್ಯ ಡಿಸ್ಕು ಇನ್ನೂ ‘ಸಿ’ ಆಗಿಯೇ ಉಳಿದಿದೆ. ಹಿರಿಯರು ತೀರಿಕೊಂಡ ಮೇಲೂ ಪಂಕ್ತಿಯಲ್ಲಿ ಅವರ ಎಲೆಯನ್ನು ಹಾಗೆಯೇ ಬಿಟ್ಟಂತಾಗಿದೆ.

ಆ ಕಾಲದ ಒಂದು ವಿಚಿತ್ರವನ್ನು ಇಲ್ಲಿ ಹೇಳಲೇಬೇಕು. ಒಂದೇ ಫ್ಲಾಪಿ ಡ್ರೈವ್ ಇದ್ದ ಯಂತ್ರದಲ್ಲಿಯೂ ‘ಎ’ ಮತ್ತು ‘ಬಿ’ ಎರಡೂ ಇದ್ದುವು. ‘ಎ’ಯಿಂದ ‘ಬಿ’ಗೆ ಪ್ರತಿ ಮಾಡೆಂದು ಆಜ್ಞೆಯಿತ್ತರೆ, ಯಂತ್ರವು ಮೊದಲ ಫ್ಲಾಪಿಯನ್ನು ಓದಿ, ಈಗ ‘ಬಿ’ಯ ಫ್ಲಾಪಿಯನ್ನು ಹಾಕಿರೆಂದು ಕೇಳುತ್ತಿತ್ತು. ನಾವು ಅದೇ ಬಾಯಿಗೆ ಎರಡನೆಯ ಫ್ಲಾಪಿಯನ್ನು ತುರುಕುತ್ತಿದ್ದೆವು. ವಸ್ತು ಒಂದು, ಹೆಸರು ಎರಡು! ಅಕ್ಷರವು ಡ್ರೈವಿನ ಮೈಗೆ ಅಂಟಿದ ಗುಣವಲ್ಲ, ವ್ಯವಸ್ಥೆಯು ತನ್ನ ಅನುಕೂಲಕ್ಕಾಗಿ ಇಟ್ಟುಕೊಂಡ ಕರೆಯುವ ಹೆಸರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಡಾಸ್ ಕಾಲದಲ್ಲಿ ಈ ಹೆಸರಿಡುವಿಕೆ ಪ್ರತಿ ಸಲ ಯಂತ್ರ ಎದ್ದಾಗಲೂ ಹೊಸದಾಗಿ ನಡೆಯುತ್ತಿತ್ತು. ಒಂದು ಡಿಸ್ಕನ್ನು ಹಲವು ಪಾರ್ಟಿಷನ್ನುಗಳಾಗಿ ಭಾಗ ಮಾಡಬಹುದಷ್ಟೆ. ಅವುಗಳಲ್ಲಿ ಪ್ರೈಮರಿ ಎಂಬುದೊಂದು ಬಗೆ, ಲಾಜಿಕಲ್ ಎಂಬುದು ಇನ್ನೊಂದು. ಡಾಸ್ ಮೊದಲು ಒಂದೊಂದು ಡಿಸ್ಕಿನ ಮೊದಲ ಪ್ರೈಮರಿ ಭಾಗಕ್ಕೂ, ಅನಂತರ ಲಾಜಿಕಲ್ ಭಾಗಗಳಿಗೂ ಕ್ರಮವಾಗಿ ಅಕ್ಷರ ಹಂಚುತ್ತಿತ್ತು. ಒಂದೇ ಡಿಸ್ಕಿನಲ್ಲಿ ‘ಸಿ’ ಮತ್ತು ‘ಡಿ’ ಇದ್ದ ಯಂತ್ರಕ್ಕೆ ಇನ್ನೊಂದು ಡಿಸ್ಕನ್ನು ಸೇರಿಸಿದರೆ, ಹೊಸ ಡಿಸ್ಕಿನ ಪ್ರೈಮರಿ ಭಾಗವು ನಡುವೆ ನುಗ್ಗಿ ‘ಡಿ’ಯಾಗುತ್ತಿತ್ತು, ಹಳೆಯ ‘ಡಿ’ಯು ‘ಇ’ಯಾಗುತ್ತಿತ್ತು. ಮನೆಗೆ ನೆಂಟರು ಬಂದರೆಂದು ಮನೆಯವರೆಲ್ಲರ ಹೆಸರೂ ಪಲ್ಲಟವಾದಂತೆ! ವಿಂಡೋಸ್ ೯೫, ವಿಂಡೋಸ್ ೯೮ ಬಳಸಿದ ಹಿರಿಯರಿಗೆ ಈ ಪರದಾಟದ ನೆನಪಿರಬಹುದು.

ಈಗಿನ ವಿಂಡೋಸ್ ಇದಕ್ಕಿಂತ ಜಾಣತನದಿಂದ ನಡೆದುಕೊಳ್ಳುತ್ತದೆ. ವಿಂಡೋಸ್ ೨೦೦೦ರಿಂದ ಈಚೆಗೆ ‘ಮೌಂಟ್ ಮ್ಯಾನೇಜರ್’ ಎಂಬ ಘಟಕವೊಂದು ಈ ಹೆಸರುಗಳ ಲೆಕ್ಕವನ್ನು ನೋಡಿಕೊಳ್ಳುತ್ತಿದೆ. ರಿಜಿಸ್ಟ್ರಿ ಎಂಬ ದಫ್ತರಿನಲ್ಲಿ ಒಂದು ಪಟ್ಟಿ ಇರುತ್ತದೆ. ಇಂಥ ಅಕ್ಷರ ಇಂಥ ಭಾಗಕ್ಕೆ ಎಂದು ಅದರಲ್ಲಿ ಬರೆದಿರುತ್ತದೆ. ಭಾಗವನ್ನು ಗುರುತಿಸುವುದು ಹೇಗೆ? ಹಳೆಯ ‘ಎಂಬಿಆರ್’ ಪದ್ಧತಿಯ ಡಿಸ್ಕಾದರೆ, ಡಿಸ್ಕಿನ ಮೇಲೆಯೇ ಬರೆದಿರುವ ನಾಲ್ಕು ಬೈಟುಗಳ ಒಂದು ಸಹಿಯಿಂದ ಮತ್ತು ಆ ಭಾಗವು ಡಿಸ್ಕಿನಲ್ಲಿ ಎಲ್ಲಿ ಆರಂಭವಾಗುತ್ತದೆಂಬ ಸಂಖ್ಯೆಯಿಂದ. ಹೊಸ ‘ಜಿಪಿಟಿ’ ಪದ್ಧತಿಯಾದರೆ, ಭಾಗಕ್ಕೆ ಹುಟ್ಟಿನಿಂದಲೇ ಕೊಟ್ಟ ಹದಿನಾರು ಬೈಟುಗಳ ಒಂದು ಗುರುತಿನಿಂದ. ಈ ಗುರುತು ಡಿಸ್ಕಿನಲ್ಲಿದೆ; ಅಕ್ಷರವಾದರೋ ಕಂಪ್ಯೂಟರಿನಲ್ಲಿದೆ. ವಿಷಯದ ತಿರುಳೆಲ್ಲವೂ ಈ ಒಂದು ವಾಕ್ಯದಲ್ಲಿ ಅಡಗಿದೆ.

ಇದರಿಂದ ಮೂರು ಸಂಗತಿಗಳು ಹೊರಡುತ್ತವೆ. ಒಂದು: ಅಕ್ಷರವನ್ನು ಬದಲಾಯಿಸಿದರೆ ತಿದ್ದುಪಡಿ ಆಗುವುದು ಪಟ್ಟಿಯಲ್ಲಿ, ಡಿಸ್ಕಿನಲ್ಲಿರುವ ಕಡತಗಳಿಗೆ ಕೂದಲೂ ಕೊಂಕುವುದಿಲ್ಲ. ಎರಡು: ಅದೇ ಡಿಸ್ಕನ್ನು ಗೆಳೆಯನ ಮನೆಗೆ ಒಯ್ದರೆ ಅಲ್ಲಿನ ಪಟ್ಟಿ ಬೇರೆ, ಆದುದರಿಂದ ಅಕ್ಷರವೂ ಬೇರೆಯಾಗಬಹುದು. ಮೂರು: ಹಳೆಯ ವಿಳಾಸವನ್ನು ಬರೆದಿಟ್ಟುಕೊಂಡವರೆಲ್ಲರೂ ದಾರಿ ತಪ್ಪುತ್ತಾರೆ. ಪ್ರೋಗ್ರಾಮನ್ನು ಸ್ಥಾಪಿಸುವಾಗ ಅದರ ಪೂರ್ಣ ವಿಳಾಸವು ‘ಡಿ’ಯಿಂದ ಮೊದಲುಗೊಂಡು ಹತ್ತಾರು ಕಡೆಗಳಲ್ಲಿ ದಾಖಲಾಗುತ್ತದೆ. ನೆರೆಮನೆಯ ಹುಡುಗನ ಪ್ರೋಗ್ರಾಮುಗಳು ತೆರೆಯದೆ ಹೋದದ್ದು ಇದೇ ಕಾರಣದಿಂದ. ಮನೆ ಬಿದ್ದಿರಲಿಲ್ಲ; ಬೀದಿಯ ಹೆಸರು ಬದಲಾದುದರಿಂದ ಅಂಚೆಯವನು ಹಿಂತಿರುಗಿದ್ದನು.

ಕೆಲವರು ಇಲ್ಲಿ ಆಕ್ಷೇಪಿಸಬಹುದು: “ಇವೆಲ್ಲ ಯಂತ್ರವೇ ನೋಡಿಕೊಳ್ಳುವ ವಿಚಾರ, ಸಾಮಾನ್ಯ ವಿದ್ಯಾರ್ಥಿಗೆ ಇದೇತಕ್ಕೆ?” ಎಲ್ಲವೂ ಸರಿಯಾಗಿರುವ ತನಕ ಈ ಮಾತು ಸರಿ. ಆದರೆ ಫಾರ್ಮ್ಯಾಟ್ ಮಾಡುವವನೂ, ಮುಖ್ಯ ಕಡತಗಳಿಗೆ ಪ್ರತಿ ತೆಗೆದಿಡುವವನೂ ಅಕ್ಷರವೊಂದನ್ನೇ ನಂಬಿದರೆ ಯಂತ್ರವು ಅವನನ್ನು ಕಾಪಾಡಲಾರದು. ನಿನ್ನೆ ‘ಇ’ಯಾಗಿದ್ದ ಪೆನ್ ಡ್ರೈವ್ ಇಂದು ‘ಎಫ್’ ಆಗಿರಬಹುದು; ‘ಇ’ ಎಂಬ ಹೆಸರಿನಲ್ಲಿ ಇಂದು ಮತ್ತೊಂದು ಡಿಸ್ಕು ಕುಳಿತಿರಬಹುದು. ಅಳಿಸೆಂದರೆ ಯಂತ್ರ ಅಳಿಸುತ್ತದೆ. ಒಮ್ಮೆ ಖಚಿತವೇ ಎಂದು ಕೇಳೀತು, ಅಷ್ಟೆ. ಪ್ರೋಗ್ರಾಮಿಂಗ್ ಕಲಿಯುವ ವಿದ್ಯಾರ್ಥಿಗಳಿಗೂ ಇದರ ಬಿಸಿ ತಟ್ಟುವುದುಂಟು. ಮನೆಯಲ್ಲಿ ‘ಡಿ’ ಡ್ರೈವಿನ ಪೂರ್ಣ ವಿಳಾಸ ಕೊಟ್ಟು ಬರೆದ ಪ್ರೋಗ್ರಾಮು ಪರೀಕ್ಷೆಯ ದಿನ ಪ್ರಯೋಗಶಾಲೆಯ ಯಂತ್ರದಲ್ಲಿ ಕಡತ ಸಿಕ್ಕಲಿಲ್ಲವೆಂದು ನಿಂತುಬಿಡುತ್ತದೆ. ಕಡತವನ್ನು ಪ್ರೋಗ್ರಾಮಿನ ಮಗ್ಗುಲಲ್ಲಿಯೇ ಇರಿಸಿ, ಅಕ್ಷರವಿಲ್ಲದ ಸಾಪೇಕ್ಷ ವಿಳಾಸವನ್ನು ಬಳಸುವ ಅಭ್ಯಾಸವಿದ್ದರೆ ಈ ತೊಂದರೆ ಬಾರದು.

ಇನ್ನು ಕೆಲವರ ವಾದ ಇನ್ನೊಂದು ಬಗೆಯದು: ಈ ಅಕ್ಷರ ಪದ್ಧತಿಯೇ ಹಳಸಲು, ಇಪ್ಪತ್ತಾರಕ್ಕೆ ಮುಗಿಯುವ ಈ ವರ್ಣಮಾಲೆಯನ್ನು ಕಿತ್ತೆಸೆದು ಯುನಿಕ್ಸ್, ಲಿನಕ್ಸ್‌ಗಳಂತೆ ಎಲ್ಲ ಡಿಸ್ಕುಗಳನ್ನೂ ಒಂದೇ ಮರದ ಕೊಂಬೆಗಳಾಗಿ ಜೋಡಿಸಬೇಕು ಎಂಬುದು. ಆ ಪದ್ಧತಿಯ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ. ವಿಂಡೋಸಿನಲ್ಲಿಯೂ ಒಂದು ಡಿಸ್ಕನ್ನು ‘ಎನ್‌ಟಿಎಫ್‌ಎಸ್’ ಭಾಗದ ಒಂದು ಖಾಲಿ ಫೋಲ್ಡರಿಗೆ ಜೋಡಿಸಿ, ಅಕ್ಷರವಿಲ್ಲದೆಯೇ ಬಳಸಲು ಸಾಧ್ಯ. ಆದರೆ ಲಿನಕ್ಸಿನಲ್ಲಿಯೂ ಡಿಸ್ಕುಗಳಿಗೆ ‘ಎಸ್‌ಡಿಎ’, ‘ಎಸ್‌ಡಿಬಿ’ ಎಂಬ ಹೆಸರುಗಳಿವೆ. ಯಂತ್ರ ಎದ್ದಾಗ ಯಾವ ಡಿಸ್ಕು ಮೊದಲು ಕಣ್ಣಿಗೆ ಬಿತ್ತೆಂಬುದರ ಮೇಲೆ ಅವೂ ಅದಲುಬದಲಾಗಬಲ್ಲುವು. ಆದುದರಿಂದಲೇ ಅಲ್ಲಿಯೂ ಡಿಸ್ಕುಗಳನ್ನು ‘ಯುಯುಐಡಿ’ ಎಂಬ ಉದ್ದನೆಯ ಸ್ಥಿರ ಗುರುತಿನಿಂದ ನಮೂದಿಸುವ ರೂಢಿ ಬಂದಿದೆ. ಅಂದಮೇಲೆ ದೋಷವು ಯಾವುದೋ ಒಂದು ಸಂಸ್ಥೆಯದಲ್ಲ. ನೆನಪಿಗೆ ಸುಲಭವಾದ ಹೆಸರು ಬದಲಾಗುತ್ತದೆ; ಬದಲಾಗದ ಗುರುತು ನೆನಪಿನಲ್ಲಿ ನಿಲ್ಲುವುದಿಲ್ಲ. ಮನುಷ್ಯನಿಗೆ ಎರಡೂ ಬೇಕು. ಎರಡರ ನಡುವಣ ಸಂಬಂಧವನ್ನು ಅರಿತಿರುವುದೊಂದೇ ಉಪಾಯ.

ಹಾಗಾದರೆ ಅಕ್ಷರಗಳನ್ನು ಮುಟ್ಟಲೇಬಾರದೇ? ಖಂಡಿತ ಮುಟ್ಟಬಹುದು, ತಿಳಿದು ಮುಟ್ಟಬೇಕು. ವಿಂಡೋಸಿನ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಎಂಬ ಸಾಧನವನ್ನು ತೆರೆದು, ಬೇಕಾದ ಭಾಗದ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿದರೆ ಅಕ್ಷರ ಬದಲಾಯಿಸುವ ಸೂಚನೆ ದೊರೆಯುತ್ತದೆ. ವಿಂಡೋಸ್ ನೆಲೆಸಿರುವ ಭಾಗದ ಅಕ್ಷರವನ್ನು ಬದಲಾಯಿಸಲು ಆ ಸಾಧನವು ಒಪ್ಪುವುದಿಲ್ಲ, ಒಪ್ಪದಿರುವುದೇ ಕ್ಷೇಮ. ಪ್ರೋಗ್ರಾಮುಗಳನ್ನು ಸ್ಥಾಪಿಸಿರುವ ಭಾಗದ ಅಕ್ಷರವನ್ನು ನಾವಾಗಿಯೇ ಬದಲಾಯಿಸದಿರುವುದು ವಿವೇಕ. ಬರಿಯ ಚಿತ್ರ, ಹಾಡು, ಬರಹಗಳಿರುವ ಡಿಸ್ಕಾದರೆ ಬದಲಾಯಿಸಲು ಅಂಜಬೇಕಾಗಿಲ್ಲ.

ಪ್ರತಿ ತೆಗೆದಿಡಲು ಬಳಸುವ ಹೊರ ಡಿಸ್ಕಿಗೆ ವರ್ಣಮಾಲೆಯ ಕೊನೆಯ ಕಡೆಯ ಒಂದು ಅಕ್ಷರವನ್ನು, ‘ಟಿ’ಯನ್ನೋ ‘ಎಕ್ಸ್’ ಅನ್ನೋ, ಕೊಡುವುದು ಒಳ್ಳೆಯದು. ಹೊಸದಾಗಿ ಬಂದ ಡಿಸ್ಕಿಗೆ ವಿಂಡೋಸ್ ಸಾಮಾನ್ಯವಾಗಿ ಮುಂದಿನಿಂದ ಖಾಲಿಯಿರುವ ಮೊದಲ ಅಕ್ಷರವನ್ನು ಕೊಡುವುದರಿಂದ, ಕೊನೆಯ ಅಕ್ಷರಗಳಿಗೆ ಪೈಪೋಟಿ ಕಡಿಮೆ.

ಇದೆಲ್ಲಕ್ಕಿಂತ ಮುಖ್ಯವಾದುದು ಡಿಸ್ಕಿಗೆ ‘ಲೇಬಲ್’ ಎಂಬ ನಿಜವಾದ ಹೆಸರೊಂದನ್ನು ಇಡುವುದು. ಅಕ್ಷರದಂತಲ್ಲದೆ ಲೇಬಲ್ಲು ಡಿಸ್ಕಿನ ಮೇಲೆಯೇ ಬರೆಯಲ್ಪಡುತ್ತದೆ. ಎಲ್ಲಿಗೆ ಒಯ್ದರೂ ಜೊತೆಯಲ್ಲಿ ಬರುತ್ತದೆ. ಅಕ್ಷರವು ರೋಮನ್ ವರ್ಣಮಾಲೆಯದೇ ಆಗಿರಬೇಕು. ಲೇಬಲ್ಲಿಗೆ ಆ ಕಟ್ಟಿಲ್ಲ. ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ಮೂವತ್ತೆರಡು ಚಿಹ್ನೆಗಳ ತನಕ ಕನ್ನಡದಲ್ಲಿಯೇ ‘ಅಜ್ಜಿಯ ಹಾಡುಗಳು’ ಎಂದು ಬರೆಯಬಹುದು. ಕನ್ನಡದ ಕಾಗುಣಿತದ ಗುರುತುಗಳನ್ನೂ ಒತ್ತಕ್ಷರದ ಗುರುತುಗಳನ್ನೂ ಯಂತ್ರವು ಬೇರೆ ಬೇರೆಯಾಗಿ ಎಣಿಸುತ್ತದೆಂಬುದನ್ನು ಮಾತ್ರ ನೆನಪಿಡಬೇಕು. ಫಾರ್ಮ್ಯಾಟ್ ಗುಂಡಿಯ ಮೇಲೆ ಬೆರಳಿಡುವ ಮುನ್ನ ಅಕ್ಷರವನ್ನಲ್ಲ, ಲೇಬಲ್ಲನ್ನೂ ಡಿಸ್ಕಿನ ಗಾತ್ರವನ್ನೂ ಓದಿಕೊಳ್ಳುವುದು ನಿಯಮವಾಗಬೇಕು.

ನಮ್ಮ ಶಾಲೆಗಳಲ್ಲಿ ಕಂಪ್ಯೂಟರ್ ಪಾಠವೆಂದರೆ ಇಲ್ಲಿ ಒತ್ತು, ಅಲ್ಲಿ ಒತ್ತು, ‘ಡಿ’ಯಲ್ಲಿ ಉಳಿಸು ಎಂಬ ಆಜ್ಞೆಗಳ ಸರಮಾಲೆಯಾಗುವುದುಂಟು. ಇದಕ್ಕೆ ಬದಲಾಗಿ ಅರ್ಧ ಗಂಟೆಯ ಒಂದು ಪ್ರಯೋಗವನ್ನು ಮಾಡಿಸಿದರೆ ಸಾಕು. ಒಂದು ಪೆನ್ ಡ್ರೈವಿನಲ್ಲಿ ಒಂದು ಕಡತವನ್ನಿಟ್ಟು ಅದಕ್ಕೊಂದು ಲೇಬಲ್ ಕೊಡಿ. ಅದರ ಅಕ್ಷರವನ್ನು ಬದಲಾಯಿಸಿ. ಕಡತ ಹಾಗೆಯೇ ಇದೆಯೇ ನೋಡಿ. ಹಳೆಯ ಅಕ್ಷರದ ವಿಳಾಸದಿಂದ ಅದನ್ನು ತೆರೆಯಲು ಯತ್ನಿಸಿ, ಏನಾಗುವುದೆಂದು ಬರೆದುಕೊಳ್ಳಿ. ಬಳಿಕ ಇನ್ನೊಂದು ಯಂತ್ರಕ್ಕೆ ಸಿಕ್ಕಿಸಿ ಯಾವುದು ಬದಲಾಯಿತು, ಯಾವುದು ಉಳಿಯಿತು ಎಂದು ಪರೀಕ್ಷಿಸಿ. ಇದಕ್ಕೆ ಖರ್ಚಿಲ್ಲ, ಅಪಾಯವಿಲ್ಲ. ಈ ಲೇಖನ ಓದಿದ ವಿದ್ಯಾರ್ಥಿಯು ಉಪಾಧ್ಯಾಯರಿಗಾಗಿ ಕಾಯದೆ ಮನೆಯಲ್ಲಿಯೇ ಮಾಡಿ ನೋಡಬಹುದು.

ನೆರೆಮನೆಯ ಹುಡುಗನು ಈಗ ಅಜ್ಜಿಯ ಹಾಡುಗಳಿಗೆ ಎರಡು ಡಿಸ್ಕುಗಳಲ್ಲಿ ಪ್ರತಿ ಮಾಡಿ, ಎರಡಕ್ಕೂ ಕನ್ನಡದಲ್ಲಿ ಹೆಸರಿಟ್ಟಿದ್ದಾನೆ. ಮೊನ್ನೆ ಊರಿಗೆ ಬಂದಿದ್ದ ಅಣ್ಣನು ಮತ್ತೆ ಡ್ರೈವುಗಳ ಅಕ್ಷರ ಬದಲಾಯಿಸಲು ಹೊರಟಾಗ ಇವನು ತಡೆಯಲಿಲ್ಲವಂತೆ. “ಯಾವ ಡಿಸ್ಕಿನಲ್ಲಿ ಪ್ರೋಗ್ರಾಮುಗಳಿವೆ, ಮೊದಲು ನೋಡಿಕೋ” ಎಂದಷ್ಟೇ ಹೇಳಿದನಂತೆ.