ಇರುವುದೂ ನಡೆಯುವುದೂ ಒಂದೇ ಅಲ್ಲ

ಗಣಕಯಂತ್ರದಲ್ಲಿ ಒಂದು ಪ್ರಕ್ರಿಯೆ ನಡೆಯುತ್ತಿದೆಯೇ ಎಂಬುದನ್ನು ತಿಳಿಯಲು ನಾಲ್ಕು ಸಾಲಿನ ಶೆಲ್ ಸ್ಕ್ರಿಪ್ಟ್ ಸಾಕೆಂದು ನಮ್ಮ ವಿದ್ಯಾರ್ಥಿಗಳು ಎಣಿಸುವುದುಂಟು. ಯಂತ್ರವು ಹೌದು ಅಥವಾ ಇಲ್ಲ ಎಂದು ಉತ್ತರ ಕೊಡುವುದೇನೋ ನಿಜ. ಆದರೆ ಆ ಉತ್ತರವು ಯಾವ ಪ್ರಶ್ನೆಗೆ ಬಂದುದೆಂಬುದನ್ನು ವಿಚಾರಿಸದೆ ನಂಬುವುದು ವಿಜ್ಞಾನದ ಅಭ್ಯಾಸಿಗೆ ತಕ್ಕುದಲ್ಲವೆಂದು ನನ್ನ ಅಭಿಪ್ರಾಯ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಯುನಿಕ್ಸ್ ವ್ಯವಸ್ಥೆಯೂ, ಅದರ ಮಾದರಿಯಲ್ಲಿ 1991ರಲ್ಲಿ ಬಂದ ಲಿನಕ್ಸೂ ಪ್ರತಿಯೊಂದು ಪ್ರಕ್ರಿಯೆಗೆ ಒಂದು ಸಂಖ್ಯೆಯನ್ನು ಕೊಡುತ್ತವೆ. 'ಪಿಎಸ್' ಎಂಬ ಆಜ್ಞೆಯು ಪ್ರಕ್ರಿಯೆಗಳ ಪಟ್ಟಿಯನ್ನು ಒದಗಿಸುವುದು. 'ಗ್ರೆಪ್' ಅದರಲ್ಲಿ ಬೇಕಾದ ಹೆಸರನ್ನು ಹುಡುಕುವುದು. ಇಲ್ಲೊಂದು ವಿನೋದವುಂಟು. ಗ್ರೆಪ್ ತಾನೂ ಒಂದು ಪ್ರಕ್ರಿಯೆಯೇ. ಹುಡುಕಬೇಕಾದ ಹೆಸರು ಅದರ ಆಜ್ಞೆಯ ಸಾಲಿನಲ್ಲಿಯೇ ಇದೆ. ಪಟ್ಟಿಯು ಪೂರ್ಣ ಸಾಲುಗಳನ್ನು ತೋರಿಸುವಾಗ ಅದು ಅನೇಕ ವೇಳೆ ತನ್ನನ್ನೇ ಕಂಡು 'ಸಿಕ್ಕಿತು' ಎನ್ನುವುದು. ಕಳ್ಳನನ್ನು ಹುಡುಕ ಹೊರಟವನು ಕನ್ನಡಿಯಲ್ಲಿ ತನ್ನ ಮುಖವನ್ನೇ ಕಂಡು ಕೂಗಿಕೊಂಡಂತಾಯಿತು! 'ಪಿಗ್ರೆಪ್' ಎಂಬ ಆಜ್ಞೆಯು ತನ್ನನ್ನು ಎಣಿಕೆಯಿಂದ ಬಿಡುವುದರಿಂದ ಈ ದೋಷ ತಪ್ಪುವುದು.

ಪ್ರಕ್ರಿಯೆಯ ಸಂಖ್ಯೆಯನ್ನು ಕಡತದಲ್ಲಿ ಬರೆದಿಟ್ಟು, 'ಕಿಲ್' ಆಜ್ಞೆಯಿಂದ ಸೊನ್ನೆಯ ಸಂಕೇತವನ್ನು ಕಳುಹಿಸುವುದು ಇನ್ನೊಂದು ಮಾರ್ಗ. ಹೆಸರು ಕ್ರೂರವಾದರೂ ಈ ಸಂಕೇತವು ಯಾರನ್ನೂ ಕೊಲ್ಲದು. ಆ ಸಂಖ್ಯೆಯ ಪ್ರಕ್ರಿಯೆ ಉಂಟೇ, ಅದಕ್ಕೆ ಸಂಕೇತ ಕಳುಹಿಸುವ ಅಧಿಕಾರ ನಮಗುಂಟೇ ಎಂದಷ್ಟೇ ಪರೀಕ್ಷಿಸುವುದು. ಆದರೆ ಹಳೆಯ ಪ್ರಕ್ರಿಯೆ ಅಳಿದು ಅದೇ ಸಂಖ್ಯೆ ಬೇರೊಂದಕ್ಕೆ ದೊರೆತಿರಬಹುದು. ಕೆಲಸ ಮುಗಿದಿದ್ದರೂ, ಜನಕ ಪ್ರಕ್ರಿಯೆಯು ಅದರ ಅಂತ್ಯದ ವರದಿಯನ್ನು ಇನ್ನೂ ಸ್ವೀಕರಿಸದ ಕಾರಣ, ಹೆಸರು ಮಾತ್ರ ಪಟ್ಟಿಯಲ್ಲಿ ಉಳಿದಿರಬಹುದು. ಇಂಥವನ್ನು 'ಜಾಂಬಿ'ಗಳೆನ್ನುವರು. ಸೊನ್ನೆಯ ಸಂಕೇತಕ್ಕೆ ಇವೂ 'ಇದ್ದೇನೆ' ಎನ್ನುವುವು.

ಪ್ರಯೋಗಶಾಲೆಯಲ್ಲಿ ನಿಮಿಷಕ್ಕೊಮ್ಮೆ ಉಷ್ಣತೆಯನ್ನು ದಾಖಲಿಸುವ ಕಾರ್ಯಕ್ರಮವೊಂದಿದೆ ಎನ್ನೋಣ. ಅದು ಎಂದಿಗೂ ಬಾರದ ಉತ್ತರಕ್ಕಾಗಿ ಕಾಯುತ್ತ ನಿಂತುಬಿಟ್ಟರೂ ಪಟ್ಟಿಯಲ್ಲಿ ಅದರ ಹೆಸರು ಅಳಿಸದು. ರಾತ್ರಿಯೆಲ್ಲ 'ನಡೆಯುತ್ತಿದೆ' ಎಂಬ ವರದಿ. ಬೆಳಗ್ಗೆ ನೋಡಿದರೆ ದಾಖಲೆ ಬರಿದು! ಹೆಸರನ್ನು ಕೇಳುವ ಬದಲು, ಕಳೆದ ಐದು ನಿಮಿಷಗಳಲ್ಲಿ ಹೊಸ ಅಳತೆ ಕಡತಕ್ಕೆ ಸೇರಿತೇ ಎಂದು ಕೇಳಿದ್ದರೆ ಸತ್ಯ ಆಗಲೇ ತಿಳಿಯುತ್ತಿತ್ತು.

ಸಣ್ಣ ಕೆಲಸಕ್ಕೆ ಇಷ್ಟು ಎಚ್ಚರವೇಕೆಂದು ಕೆಲವರು ಆಕ್ಷೇಪಿಸಬಹುದು. ನಷ್ಟ ಅಲ್ಪವಾದೆಡೆ ಪಟ್ಟಿಯೇ ಸಾಕು. ಆದರೆ ಕಳೆದುಹೋದರೆ ಮರಳಿ ಬಾರದ ದತ್ತಾಂಶವಿರುವಲ್ಲಿ ಸುಳ್ಳು 'ಹೌದು' ಪರೀಕ್ಷೆಯಿಲ್ಲದಿರುವುದಕ್ಕಿಂತಲೂ ಕೆಟ್ಟದ್ದು. ಏಕೆಂದರೆ ಅದು ಕಾವಲುಗಾರನನ್ನು ನಿದ್ದೆಗೆ ಕಳುಹಿಸುವುದು. ಉಪಕರಣವು ಏನನ್ನು ಅಳೆಯಿತೆಂದು ಮೊದಲು ಕೇಳಿ, ಆಮೇಲೆ ಅದರ ಮಾತನ್ನು ನಂಬುವುದೇ ಭೌತಶಾಸ್ತ್ರದ ಮೊದಲ ಪಾಠ. ಶೆಲ್ ಸ್ಕ್ರಿಪ್ಟಿಗೂ ಅದು ಸಲ್ಲುವುದು.